ಹೆಸರು ಕೇಳದ ಆ್ಯಪ್

ಸರ್ ಅವರ ಫೋನಿನ ಗಾಜಿನ ಮೇಲೆ ಯಾವಾಗಲೂ ಸೀಮೆಸುಣ್ಣದ ಒಂದು ಬಿಳಿ ಬೆರಳಚ್ಚು ಇರುತ್ತಿತ್ತು. ಜೇವರ್ಗಿಯ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಅವರು ಪಾಠ ಮುಗಿದ ಕೂಡಲೇ, ಕೈ ಕೂಡ ಒರೆಸಿಕೊಳ್ಳದೆ, ತಮ್ಮ ಆ್ಯಪ್ ತೆರೆದು ನೋಡುತ್ತಿದ್ದರು.

ಓದು ಬಾರದವರಿಗಾಗಿ ಅವರೇ ಬರೆದ ಆ್ಯಪ್ ಅದು. ಒಬ್ಬೊಬ್ಬರ ದೊಡ್ಡ ಫೋಟೊಗೂ ನಮ್ಮ ದನಿಯಲ್ಲಿ ಒಂದು ಕೂಗು ತುಂಬಿಸಿಡಬಹುದಿತ್ತು. ಮತ್ತೆ ಹಾಗೆಯೇ ಕೂಗಿದರೆ ಅವರಿಗೆ ಫೋನು ಹೋಗುತ್ತಿತ್ತು. ಸರ್ ಅವರ ಊರು ಅಂದೋಲಾದಲ್ಲಿ ಪಕ್ಕದ ಮನೆಯ ಅಜ್ಜಿ, ಎಲ್ಲರ ಬಾಯಲ್ಲೂ ಆಯಿ, ಗಂಡನ ಹೆಸರು ಬಾಯಿಂದ ಆಡಿದವರಲ್ಲ. ಗಂಡ ಮುತ್ಯಾನ ಫೋಟೊಗೆ ಅವರು "ಕೇಳಾಕತ್ತೀರೇನ್ರಿ" ಎಂದು ತುಂಬಿಸಿದ್ದರು.

ಈ ಕೆಲಸಕ್ಕೆ ಸರ್ ನನ್ನನ್ನೂ ಸೇರಿಸಿಕೊಂಡರು. ನನ್ನದು ಮಾತು ಕಡಿಮೆ. ಅವರು ಅದನ್ನು ತಿದ್ದಲು ಹೋಗಲಿಲ್ಲ.

ನಾನು ಎಂ.ಎಸ್ಸಿ. ಮುಗಿಸಿದ ವರ್ಷ ಫೋನ್ ಕಂಪನಿಯೊಂದು ಅದೇ ಸೌಲಭ್ಯವನ್ನು ತನ್ನ ಫೋನಿನೊಳಗೇ ಕೊಟ್ಟಿತು. ಅವೇ ದೊಡ್ಡ ಫೋಟೊಗಳು, ದನಿಗೆ ಓಗೊಡುವ ಅದೇ ರೀತಿ. ಜಾಹೀರಾತಿನಲ್ಲಿ 'ನಮ್ಮ ಹೊಸ ಆವಿಷ್ಕಾರ' ಎಂದಿತ್ತು. ಜನ ನಮ್ಮ ಆ್ಯಪ್ ತೆಗೆದುಹಾಕತೊಡಗಿದರು.

"ಕದ್ದಾರ್ರಿ ಸರ್," ಎಂದೆ.

"ನೋಡಿ ಮಾಡೋದು ಕಳವಲ್ಲ ತಂಗಿ. ಫೋಟೊ ಇಡೋದು ನಾನೂ ಎಲ್ಲೋ ನೋಡೇ ಮಾಡೀನಿ. ಆದ್ರ ಹೊಸಾದು ಅಂತಾರಲ್ಲ, ಅದು ಸುಳ್ಳು."

ಹಾಗೆಂದರೂ ಆ್ಯಪ್ ಮುಚ್ಚಿಬಿಡಲು ತೀರ್ಮಾನಿಸಿದ್ದರು. ಅದನ್ನು ಮಾತಾಡಲೆಂದೇ ನಾನು ಅವರ ಮನೆಗೆ ಹೋಗಿದ್ದಾಗ ಆಯಿ, ಮಗ ಕೊಡಿಸಿದ ಅದೇ ಕಂಪನಿಯ ಹೊಸ ಫೋನು ಹಿಡಿದು ಬಂದರು.

"ಇದಕ್ಕ ಸೊಕ್ಕು ಭಾಳ ಅದ. ಹೆಸರು ಹೇಳು ಅಂತದ."

"ಹೇಳ ಬೇ ಆಯಿ. ಮುತ್ಯಾ ಹೊಲದಾಗ ಅದಾನ, ಅವಗೇನು ಕೇಳಂಗಿಲ್ಲ," ಎಂದರು ಸರ್.

"ಬೇಕಾದ್ರ ನೀನ ಹೇಳೋ. ನಿನಗೇನು ಗಂಡ ಅಲ್ಲಲ್ಲ."

ಸರ್ ಬಹಳ ಹೊತ್ತು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಕಂಪನಿಯವ್ರು ಫೋಟೊ ನೋಡಿ ಮಾಡ್ಯಾರ, ಆಯೀನ ಕೇಳಿಲ್ಲ," ಎಂದರು. ಆಯಿಯ ಹೊಸ ಫೋನಿಗೂ ನಮ್ಮ ಆ್ಯಪ್ ಹಾಕಿಕೊಟ್ಟರು. ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಈಚೆಗೆ ಸರ್ ತೀರಿಕೊಂಡರು. ಫೋನುಗಳಿಗೆ ಬಂದ ಅಪ್‌ಡೇಟ್‌ನಿಂದ ಆ್ಯಪ್ ತೆರೆದುಕೊಳ್ಳುವುದು ಅದಕ್ಕೆ ಕೆಲವು ದಿನ ಮೊದಲೇ ನಿಂತಿತ್ತು. ಅವರು ಅದನ್ನು ಸರಿಪಡಿಸುತ್ತಿದ್ದರು, ಸ್ವಲ್ಪ ಉಳಿದಿತ್ತು. ಮಣ್ಣು ಮಾಡಿದ ಸಂಜೆ ಅವರ ಹೆಂಡತಿ ಲ್ಯಾಪ್‌ಟಾಪ್ ತಂದು ನನ್ನ ಕೈಗಿಟ್ಟರು. ಕೀಲಿಗಳ ಮೇಲೂ ಸೀಮೆಸುಣ್ಣವಿತ್ತು. ನಾನು ಒರೆಸಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮನೆಯಲ್ಲಿ ಉಳಿದದ್ದನ್ನು ಬರೆದು ಮುಗಿಸಿ, ಅಂದೋಲಾದ ಬಸ್ಸು ಹತ್ತಿ ಹೋಗಿ ಆಯಿಯ ಫೋನಿಗೆ ಹಾಕಿಕೊಟ್ಟೆ. ಆಯಿ ಸೆರಗು ಸರಿಮಾಡಿಕೊಂಡು, ಮೆಲ್ಲಗೆ, "ಕೇಳಾಕತ್ತೀರೇನ್ರಿ" ಎಂದರು. ಕರೆ ಹೋಯಿತು.