ಹೆಂಗಸರು ಹಿಂದಿರುಗುವ ಕಲ್ಲು

ನಮ್ಮೂರಲ್ಲಿ ಸತ್ತವರನ್ನ ಹೂಳ್ತೀವಿ, ಸುಡೋದಿಲ್ಲ. ಹೂಳೋ ಜಾಗ ಇರೋದು ಹಳ್ಳದ ಆಚೆ. ಅಲ್ಲಿಗೆ ಹೋಗೋಕೆ ಒಂದು ರಾಗಿ ಹೊಲದ ಬದುವಿನ ಮೇಲೆ ಕಾಲುದಾರಿ ಇತ್ತು. ಅರ್ಧ ದಾರೀಲಿ ಒಂದು ಚಪ್ಪಟೆ ಕಲ್ಲು. ಚಟ್ಟ ಹೊತ್ತವರು ಆ ಕಲ್ಲಿನ ಮೇಲೆ ಇಳಿಸಿ, ತಲೆ ಇದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ ಮಾಡಿ ಮತ್ತೆ ಹೊರ್ತಾರೆ. ತಿರುಗಿಸದೆ ಹೋದ್ರೆ ಸತ್ತವರಿಗೆ ಮನೆ ದಾರಿ ಮರೆಯೋದಿಲ್ಲ, ಬಾಗಿಲಿಗೆ ಬಂದು ನಿಲ್ತಾರೆ ಅಂತ ನಂಬಿಕೆ. ಹೆಂಗಸರು ಬರೋದೂ ಆ ಕಲ್ಲಿನವರೆಗೆ ಮಾತ್ರ. ಅಲ್ಲಿ ಹಣೆ ಮುಟ್ಟಿ, ಅತ್ತು, ತಿರುಗಿ ನೋಡದೆ ಮನೆ ಸೇರಬೇಕು.

ನಮ್ಮತ್ತೆ ಆ ಕಲ್ಲಿನ ಹತ್ರ ಗಂಡನನ್ನ ಬಿಟ್ಟು ಬಂದಿದ್ಲು. ಆಮೇಲೆ ಒಬ್ಬಳು ಮಗಳನ್ನೂ. (ಏಕವಚನದಲ್ಲೇ ಬರೀತೀನಿ. ಬಹುವಚನ ಹಚ್ಚಿದ್ರೆ 'ನಾನೇನು ನಿಂಗೆ ತಹಶೀಲ್ದಾರ್ರಾ?' ಅಂತ ರೇಗ್ತಿದ್ಲು.) ಎಡಗೈ ಎಡಗಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ ಮೇಲೆ ಅವಳಿಗೆ ಒಂದೇ ಮಾತು. ಗಂಜಿ ಕುಡಿಸೋವಾಗ ನನ್ನ ಸೆರಗು ಹಿಡ್ಕೊಂಡು, "ನನ್ನ ಮಗ್ಳಿದ್ದಿದ್ರೆ ಅವ್ಳು ಬರೋಳು. ನೀನು ಆ ಕಲ್ಲಿನ್ಗಂಟ ಬಂದು ನನ್ನ ಬುಟ್ಟುಬುಟ್ಟು ಬಾ ಕಣವ್ವ. ನಡುದಾರೀಲಿ ಕೈ ಬುಡಬ್ಯಾಡ" ಅನ್ನೋಳು. ಬಿಡೋದಿಲ್ಲ ಅತ್ತೆ ಅಂತ ಮಾತು ಕೊಟ್ಟಿದ್ದೆ.

ನಾನು ಅಂಗನವಾಡಿ ಟೀಚರ್. ಅಂಗನವಾಡಿ ಇರೋದು ಪಂಚಾಯ್ತಿ ಆಫೀಸಿನ ಪಕ್ಕಕ್ಕೇ. ಒಂದಿನ ಮಕ್ಕಳಿಗೆ ಊಟ ಬಡಿಸಿ ಕೈ ತೊಳೆಯೋಕೆ ಹೋದಾಗ ಪಂಚಾಯ್ತಿ ಗೋಡೆ ಮೇಲೆ ಹೊಸ ನೋಟೀಸು ಕಾಣಿಸ್ತು. ಆ ರಾಗಿ ಹೊಲ ಕೊಳ್ಳೇಗಾಲದ ಯಾರಿಗೋ ಮಾರಾಟವಾಗಿದೆ, ಅದನ್ನ ಸೈಟು ಮಾಡೋಕೆ ಅರ್ಜಿ ಬಂದಿದೆ, ತಕರಾರು ಇದ್ದವರು ಮುಂದಿನ ಸಭೇಲಿ ಬಂದು ಹೇಳಿ ಅಂತ. ಕಂದಾಯದ ನಕ್ಷೇಲಿ ಆ ದಾರಿ ಇಲ್ಲ. ಹೆಣ ಹೊರೋ ದಾರೀನ ನಕ್ಷೇಲಿ ಬರೆಸಬೇಕು ಅಂತ ನಮ್ಮ ಹಿರಿಯರಿಗೆ ಹೊಳೆದಿದ್ರೆ ತಾನೆ?

ಮನೆಗೆ ಬಂದು ನಮ್ಮೆಜಮಾನ್ರಿಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಅವ್ವ ಮಲಗವ್ಳೆ, ಈಗ ಆ ದಾರಿ ಎಸ್ರು ಎತ್ತಬ್ಯಾಡ" ಅಂದ್ರು. ನಮ್ಮೂರಿನ ಇನ್ನೊಂದು ನಂಬಿಕೆ ಅದು. ಕಾಯಿಲೆಯವರು ಇರೋ ಮನೆಯವರು ಆ ದಾರಿ ಹೆಸರು ಎತ್ತಬಾರದು. ಎತ್ತಿದ್ರೆ ಮುಂದಿನ ಚಟ್ಟ ಅವರ ಮನೆಯಿಂದಲೇ ಹೊರಡುತ್ತೆ. ಯಾರಾದ್ರೂ ಸತ್ತು ಹೊರೋವಾಗ ಮಾತ್ರ ಅದರ ಮಾತು, ಉಳಿದ ದಿನ ಅದು ಬರೀ 'ಆ ಕಡೆ'. ಸರಿ ಅಂತ ನಮ್ಮ ದೊಡ್ಡಮಾವನ ಹತ್ರ ಹೋದೆ. ಅವರು ಅತ್ತೆಯ ಭಾವ, ಊರಿಗೇ ಯಜಮಾನ್ರು. ಅವರ ಮಾತು ಅಂದ್ರೆ ಪಂಚಾಯ್ತಿಯೋರೂ ಕೇಳ್ತಾರೆ. ನನ್ನ ಮಾತು ಪೂರಾ ಕೇಳಿ, "ನೋಡವ, ನಂಗೂ ಎದೆ ನೋವು. ಮೀಟಿಂಗ್‌ಲಿ ನೋಡ್ಕಳವ ಬುಡು" ಅಂದ್ರು. ಊರಲ್ಲಿ ಯಾರ ಮನೇಲಿ ಕಾಯಿಲೆಯೋರಿಲ್ಲ ಹೇಳಿ?

ಸಭೆ ದಿನ ಜನ ಚೆನ್ನಾಗೇ ಸೇರಿದ್ರು. ಮನೆ ಸ್ಯಾಂಕ್ಷನ್ ಆಗಿಲ್ಲ ಅಂತ ಕೂಗಾಡೋರು, ಬೋರ್‌ವೆಲ್ ಮೋಟ್ರು ಸುಟ್ಟಿದೆ ಅಂತ ಬೈಯೋರು, ಗಂಟಲು ಹರಿಯೋ ಹಾಗೆ ಮಾತು. ಆಮೇಲೆ ಪಂಚಾಯ್ತಿ ಅಧಿಕಾರಿ ಸೈಟಿನ ಅರ್ಜಿ ಓದಿ, "ಯಾರದ್ದಾದ್ರೂ ತಕರಾರು ಇದ್ಯಾ?" ಅಂದ್ರು. ಅಲ್ಲೀತನಕ ಸಂತೆಯಾಗಿದ್ದ ಜಗಲಿ ಗಪ್‌ಚಿಪ್. ದೊಡ್ಡಮಾವ ಟವಲ್ಲಿನ ಅಂಚು ನೋಡ್ತಾ ಕೂತ್ರು. ನಾನು ಎದ್ದೆ. "ಆ ಹೊಲದಲ್ಲಿ ಒಂದು ದಾರಿ ಇದೆ ಸಾರ್" ಅಂದೆ.

"ನಕ್ಷೇಲಿ ಇಲ್ವಲ್ಲಮ್ಮ. ಎಲ್ಲಿಗೆ ಹೋಗೋ ದಾರಿ?"

ಹಿಂದಿನಿಂದ ನಮ್ಮೆಜಮಾನ್ರು ಕೆಮ್ಮಿದ್ರು. ಆ ಕೆಮ್ಮಿನ ಅರ್ಥ ನನಗೆ ಗೊತ್ತು. ಆದ್ರೆ ಮನೇಲಿ ಮಲಗಿದ್ದವಳಿಗೆ ನಾನು ಮಾತು ಕೊಟ್ಟಿದ್ದೆ. "ಹೆಣ ಹೊರೋ ದಾರಿ ಸಾರ್. ನಮ್ಮ ಸ್ಮಶಾನಕ್ಕೆ ಇರೋದೇ ಅದೊಂದು" ಅಂದುಬಿಟ್ಟೆ. ಹೆಂಗಸರೆಲ್ಲ "ಅಯ್ಯೋ ಶಿವನೇ" ಅಂತ ಬಾಯಿಗೆ ಸೆರಗು ಹಿಡಿದ್ರು. ಅಧಿಕಾರಿ ದೊಡ್ಡಮಾವನ ಕಡೆ ತಿರುಗಿ, "ಹೌದಾ ಯಜಮಾನ್ರೇ?" ಅಂದ್ರು. ದೊಡ್ಡಮಾವ ತಲೆ ಎತ್ತದೆ, "ಅಂತದ್ದೇನಿಲ್ಲ ಸಾ, ಬರೀ ಹೊಲದ ಬದು" ಅಂದ್ರು. ಒಬ್ಬರಾದ್ರೂ ಅಲ್ಲ ಅನ್ನಬೇಡ್ವಾ? ತಕರಾರಿಲ್ಲ ಅಂತ ಆಗಿಹೋಯ್ತು, ಕಾಫಿ ಬಂತು. ಥೂ, ಆ ಕಾಫಿ ಕುಡಿಯೋಕೆ ಅವರಿಗೆಲ್ಲ ಗಂಟಲು ಇತ್ತು.

ಯಾರೋ ಪುಣ್ಯಾತ್ಗಿತ್ತಿ ನನಗಿಂತ ಮುಂಚೆ ಮನೆಗೆ ಹೋಗಿ ಅತ್ತೆಗೆ ಸುದ್ದಿ ಮುಟ್ಟಿಸಿದ್ಲು. ಬೈಸ್ಕೊಳ್ಳೋಕೆ ತಯಾರಾಗೇ ಒಳಗೆ ಹೋದೆ. ಅತ್ತೆ ಸೊಟ್ಟ ಬಾಯಲ್ಲೇ ನಕ್ಕಳು. "ಸಾಯೋಳು ನಾನು. ನಂಗಿಲ್ಲದ ಬಯ ಆ ಮುಂಡೇವುಕ್ಕೆ ಯಾಕಂತೆ?" ಅಂದ್ಲು. ಆಮೇಲೆ ನನ್ನ ಸೆರಗು ಹಿಡ್ಕೊಂಡು, "ಕಲ್ಲು ಐತೇನವ್ವ?" ಅಂದ್ಲು. ಇದೆ ಅತ್ತೆ ಅಂದೆ. ಅವತ್ತಿಗೆ ಅದು ನಿಜವೇ ಆಗಿತ್ತು.

ಜೆಸಿಬಿ ಬಂತು. ಬದು ಹೋಯ್ತು, ಊರ ಕಡೆಗೂ ಹಳ್ಳದ ಕಡೆಗೂ ಕಾಂಪೌಂಡು ಎದ್ದಿತು, ರಸ್ತೆಗೆ ಕಬ್ಬಿಣದ ಗೇಟು ಬಿತ್ತು. ಅತ್ತೆ ದಿನಾ ಕೇಳೋಳು, ನಾನು ದಿನಾ ಇದೆ ಅನ್ನೋಳು. ಕಲ್ಲನ್ನ ಅವರು ಒಡೆದಿರಲಿಲ್ಲ. ಮೂಲೆಗೆ ತಳ್ಳಿ ಸುಣ್ಣ ಬಳಿದು ಪಾರ್ಕಿನ ಜಾಗಕ್ಕೆ ಗುರುತು ಅಂತ ಇಟ್ಟಿದ್ರು. ಆ ವರ್ಷ ಉಳಿದ ಹೊಲಗಳಲ್ಲಿ ರಾಗಿ ಕುಯ್ಲು ನಡೀತಿದ್ದಾಗ ಒಂದು ಬೆಳಗ್ಗೆ ಅತ್ತೆ ಗಂಜಿಗೆ ಬಾಯಿ ತೆರೆಯಲಿಲ್ಲ.

ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹಾಗಾಯ್ತು ನನ್ನ ಪಾಡು. ಹೆಣದ ಮುಂದೆಯೇ ಹೆಂಗಸರು ಕರಿನಾಲಿಗೆಯೋಳು ಅಂತ ಪಿಸುಗುಟ್ಟಿದ್ರು. ನಾಲಿಗೆ ಕರಿ ಅಂದೋರಿಗೆ, ತಿಂಗಳುಗಟ್ಟಲೆ ಅವಳ ಮೈ ತೊಳೆದ ನನ್ನ ಕೈ ಕಾಣಲಿಲ್ವಾ? ಅವರು ಅಂದದ್ದು ಬಿಡಿ, ನಮ್ಮೆಜಮಾನ್ರು ಅವರಿಗೆ ಒಂದು ಮಾತೂ ಹೇಳಲಿಲ್ಲ. ಅದು ಈಗಲೂ ಉರಿಯುತ್ತೆ.

ಮಧ್ಯಾಹ್ನ ಚಟ್ಟ ಗೇಟಿನ ಹತ್ರ ಬಂತು. ದೊಡ್ಡಮಾವ ಮುಂದೆ ನಿಂತು ಗೇಟು ಹಿಡಿದು ಅಲ್ಲಾಡಿಸಿದ್ರು. ಈಗ ಸಾವಾಗಿದೆ ನೋಡಿ, ಹೆಸರೆತ್ತೋಕೆ ಭಯವಿಲ್ಲ. "ತಗಿಲಾ ಬಾಗ್ಲ! ಇದು ನಮ್ಮಪ್ಪ ತಾತನ ಕಾಲದ ಹೆಣದ ದಾರಿ ಕಣ್ಲಾ!" ಅಂತ ಊರಿಗೇ ಕೇಳೋ ಹಾಗೆ ಕೂಗಿದ್ರು. ವಾಚ್‌ಮನ್ ಫೋನ್‌ನಲ್ಲಿ ಯಾರನ್ನೋ ಕೇಳಿ, ಪಾಪ ಅವನೂ ಸಂಕಟದಿಂದಲೇ ಹೇಳಿದ: "ದಾರಿ ಇಲ್ಲ ಅಂತ ಮೀಟಿಂಗ್‌ಲಿ ನೀವೇ ಹೇಳಿದ್ರಂತೆ. ಸೈಟು ತಕಂಡೋರು ಒಳಗೆ ಹೆಣ ಬುಡಬ್ಯಾಡ ಅಂತವ್ರೆ ಸಾ." ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ನಮ್ಮೂರಿನವರು ಹಾಕೋದಿರಲಿ, ಹೊರಗೆ ನಿಂತು ತಟ್ಟಿದ್ರು.

ಮೇನ್ ರೋಡಲ್ಲಿ ಸುತ್ತಿ, ಸೇತುವೆ ದಾಟಿ ಹೋಗೋದು ಅಂತಾಯ್ತು. ಗೇಟಿನ ಮುಂದೆ, ಟಾರಿನ ಅಂಚಲ್ಲೇ ಚಟ್ಟ ಇಳಿಸಿದ್ರು. "ಹೆಂಗಸ್ರು ಇಲ್ಲಿಂದ್ಲೆ ಓಗಿ" ಅಂದ್ರು ದೊಡ್ಡಮಾವ. ನಾನು ಬಗ್ಗಿ ಹಣೆ ಮುಟ್ಟಿದೆ. ಅಷ್ಟರಲ್ಲಿ ಒಂದು ಬಸ್ಸು ಹಾರ್ನ್ ಹೊಡೀತಾ ಮೈಮೇಲೇ ಬಂತು. ಗಂಡಸರು ಗಡಿಬಿಡೀಲಿ ಚಟ್ಟ ಎತ್ತಿ, ಬಸ್ಸಿಗೆ ದಾರಿ ಬಿಟ್ಟು, ಸುತ್ತಿಕೊಂಡು ಹೊರಟೇಬಿಟ್ರು. ಮುಂದಿದ್ದವರು ತಿರುಗಿಸಿದ್ವಿ ಅಂತಾರೆ. ಹಿಂದಿದ್ದವರು ಎರಡು ಸಲ ತಿರುಗಿ ಮೊದಲಿದ್ದ ಹಾಗೇ ಆಯ್ತು ಅಂತಾರೆ. ನಾನಂತೂ ನಿಯಮ ಮೀರಿ ತಿರುಗಿ ನೋಡಿದೆ. ಗೇಟಿನ ಸರಳಿನ ಆಚೆ ಆ ಕಲ್ಲು ಬೆಳ್ಳಗೆ ಕಾಣ್ತಿತ್ತು.

ಈಗಲೂ ದೀಪ ಹಚ್ಚೋ ಹೊತ್ತಿಗೆ ನಮ್ಮೆಜಮಾನ್ರು ಬೀದಿ ಬಾಗಿಲು ಹಾಕ್ತಾರೆ, ಅವ್ವ ಬಂದು ನಿಂತಾಳು ಅನ್ನೋ ಭಯಕ್ಕೆ. ಅವರು ಒಳಗೆ ಹೋಗ್ತಿದ್ದ ಹಾಗೆ ನಾನು ಹೋಗಿ ತೆಗೀತೀನಿ. ಬರಲಿ. ಆ ಕಲ್ಲಿನ ತನಕ ಅವಳನ್ನ ಬಿಟ್ಟು ಬರೋದು ಇನ್ನೂ ಬಾಕಿ ಇದೆ.