ರೋಗಿಗಳ ಭೇಟಿ: ದುರಗಪ್ಪ

ಇಳಕಲ್ಲಿನ ಆ ಸಣ್ಣ ಚರ್ಚಿಗೆ ಸ್ವಂತ ಪಾಸ್ಟರ್ ಇಲ್ಲ. ಬಾಗಲಕೋಟೆಯಲ್ಲಿರುವ ದೀಪಕ ಪಾಸ್ಟರ್ ಮೂರು ಊರಿನ ಸಭೆಗಳನ್ನು ನೋಡಿಕೊಳ್ಳುತ್ತಾರೆ. ಇಲ್ಲಿಗೆ ಬರುವುದು ತಿಂಗಳಿಗೆ ಎರಡು ಭಾನುವಾರ. ಬಂದ ಹೊಸದರಲ್ಲೇ ಅವರು, ಸೇವೆ ಎಂದರೆ ಪಾಸ್ಟರ್ ಒಬ್ಬನದಲ್ಲ, ಎಲ್ಲರೂ ಹಂಚಿಕೊಂಡು ಮಾಡುವುದು ಎಂದು ಪ್ರಸಂಗ ಮಾಡಿದರು. ಹಿರಿಯರ ಸಭೆ ಕರೆದು ಯಾರು ಏನು ಮಾಡುತ್ತಾರೆಂದು ಕೇಳಿ ಬರೆದುಕೊಂಡರು.

“ರೋಗಿಗಳ ಭೇಟಿಗೆ ಯಾರು ಹೋಗ್ತಾರ್ರಿ?”

“ದುರಗಪ್ಪನ ಮನಿಂದ ಹೋಗ್ತಾರ್ರಿ,” ಎಂದರು ಹಿರಿಯರು.

ಪಾಸ್ಟರ್ ‘ದುರಗಪ್ಪ’ ಎಂದು ಬರೆದರು. ದುರಗಪ್ಪ ಅಲ್ಲೇ ಕುಳಿತಿದ್ದ. ಅದನ್ನು ತಿದ್ದಲಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಹೋಗುತ್ತಿದ್ದವಳು ಅವನ ಹೆಂಡತಿ ಸುಂದರವ್ವ. ಮನೆಯ ರೊಟ್ಟಿ ಬಡಿದು, ಪಾತ್ರೆ ತಿಕ್ಕಿ, ಚೀಲದಲ್ಲಿ ಎಣ್ಣೆ ಬಾಟಲಿ, ಬಾಚಣಿಗೆ, ಹಳೆ ಸೀರೆಯ ತುಂಡು ಹಾಕಿಕೊಂಡು ಹೊರಡುವಳು. ಹಾಸಿಗೆ ಹಿಡಿದ ಹೆಂಗಸರ ತಲೆ ಬಾಚುವಳು, ಉಗುರು ಕತ್ತರಿಸುವಳು, ಮೈ ಒರೆಸುವಳು. ಕೈ ಕೆಲಸದಲ್ಲಿರುವಾಗಲೇ ತುಟಿಯಲ್ಲಿ ಪ್ರಾರ್ಥನೆ. ಅದಕ್ಕೆ ಸೇವೆ ಎಂಬ ಹೆಸರಿದೆಯೆಂದು ಅವಳಿಗೆ ಗೊತ್ತಾದದ್ದು ಚರ್ಚಿನ ಬಾಗಿಲ ಪಕ್ಕ ಸೇವೆಗಳ ಪಟ್ಟಿ ಅಂಟಿಸಿದ ದಿನ. ಅವಳ ಹೆಸರು ಕೊನೆಯ ಸಾಲಿನಲ್ಲಿತ್ತು: ಕಸ ಗುಡಿಸುವುದು ಮತ್ತು ಚಹಾ.

ಕಸಬರಿಗೆ ಹಿಡಿದುಕೊಂಡೇ ಅದನ್ನು ಎರಡು ಸಲ ಓದಿದಳು. ಸಿಟ್ಟು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಗುಡಿಸಿದಳು.

ಪಾರ್ಶ್ವವಾಯು ಹೊಡೆದು ಬಿದ್ದಿದ್ದ ಕರುಣವ್ವನ ಮನೆಗೆ ಪ್ರತಿ ಗುರುವಾರದ ಭೇಟಿ. ಸೊಸೆ ಒಂಬತ್ತಕ್ಕೆಲ್ಲ ಸೀರೆ ಅಂಗಡಿಯ ಕೆಲಸಕ್ಕೆ ಹೋಗಿಬಿಡುತ್ತಾಳೆ. ಪಟ್ಟಿಯ ನಂತರ ದುರಗಪ್ಪನೂ ಇಸ್ತ್ರಿ ಅಂಗಿ ತೊಟ್ಟು, ಬೈಬಲ್ ಹಿಡಿದು ಹೊರಡತೊಡಗಿದ. ಮಂಚದ ಮುಂದೆ ಇಳಿಬಿಟ್ಟ ಪರದೆಯ ಈಚೆ ಕುರ್ಚಿಯಲ್ಲಿ ಕುಳಿತು ದೊಡ್ಡ ದನಿಯಲ್ಲಿ ಅದರೊಳಗಿನ ಕೀರ್ತನೆ ಓದುವನು. ಪರದೆಯ ಆಚೆ ಸುಂದರವ್ವ ಹಾಸಿಗೆ ಬದಲಿಸುವಳು. ಒಂದು ತಿಂಗಳಾದ ಮೇಲೆ ಪಾಸ್ಟರ್ ಆರಾಧನೆಯಲ್ಲಿ, “ದುರಗಪ್ಪನವರ ಸೇವಾ ನೋಡಿ ನಾವೆಲ್ಲಾ ಕಲೀಬೇಕು,” ಎಂದರು. ಜನ ಚಪ್ಪಾಳೆ ತಟ್ಟಿದರು. ಸುಂದರವ್ವನೂ ತಟ್ಟಿದಳು. ದುರಗಪ್ಪ ತಲೆ ತಗ್ಗಿಸಿ ಕುಳಿತಿದ್ದ, ಚಪ್ಪಾಳೆ ನಿಲ್ಲುವವರೆಗೆ.

ಮುಂದಿನ ಗುರುವಾರ ಅವಳು ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಳು.

“ಏಳು, ಹೊತ್ತಾತು,” ಎಂದ ದುರಗಪ್ಪ.

“ನಾ ಬರಂಗಿಲ್ರಿ.”

“ಯಾಕ, ಜ್ವರ ಬಂದಾವೇನು?”

“ಇಲ್ಲ. ಪಟ್ಟಿಯೊಳಗ ನಿಮ್ಮ ಹೆಸರೈತಿ.”

“ಈ ವಯಸ್ಸಿನ್ಯಾಗ ಹೆಸರಿನ ಹುಚ್ಚು ಹಿಡೀತೇನ ನಿನಗ?”

“ನನಗೇನೂ ಹಿಡದಿಲ್ರಿ. ನೀವು ಹೋಗಿ ಬರ್ರಿ.”

ಹೋದವನು ಕಾಲು ಗಂಟೆಯಲ್ಲಿ ಬಂದ. “ಆ ಮುದುಕಿ ನನಗ ಒಂದು ವಾಕ್ಯನೂ ಓದಗೊಡಲಿಲ್ಲ. ‘ಹಾಸಿಗಿ ಹಸಿ ಆಗೇತಿ, ನಿನ್ನ ಪ್ರಾರ್ಥನಿ ಹಾಸಿಕೊಂಡು ಮಲಗಲೇನು? ಸುಂದರೀನ ಕಳಸು’ ಅಂದ್ಲು.”

ಸುಂದರವ್ವ ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು. ದುರಗಪ್ಪ ಪಾಸ್ಟರ್‌ಗೆ ಫೋನ್ ಹಚ್ಚಿ, ಇಷ್ಟು ವರ್ಷ ಭೇಟಿಗೆ ಹೋಗುತ್ತಿದ್ದದ್ದು ಯಾರೆಂದು ಹೇಳಿ, ಅವಳ ಕೈಗೆ ಕೊಟ್ಟ.

“ತಪ್ಪಾತ್ರಿ ಅಕ್ಕಾರ. ಇಬ್ಬರ ಹೆಸರೂ ಬರೀತೇನಿ,” ಎಂದರು ಪಾಸ್ಟರ್.

“ಬ್ಯಾಡ್ರಿ. ಭೇಟಿಗೆ ನನ್ನ ಹೆಸರೊಂದ ಬರೀರಿ. ಅವರ ಹೆಸರು ಕಸದ ಮುಂದ ಬರೀರಿ.”

ಪಾಸ್ಟರ್ ನಕ್ಕರು.

“ನಗಸಾಕ ಹೇಳಿಲ್ರಿ.”

ಪಾಸ್ಟರ್ ನಗು ನಿಲ್ಲಿಸಿದರು. “ನೋಡೂಣ್ರಿ ಅಕ್ಕಾರ, ಹಿರೇರ ಮುಂದ ಇಡತೇನಿ.”

ಹಿರಿಯರು ಯಾರೆಂದು ಅವಳಿಗೆ ಗೊತ್ತಿತ್ತು. ಆರು ಜನ, ಆರು ಜನರ ತಾಯಂದಿರ ಮೈಯನ್ನೂ ಅವಳು ಒರೆಸಿದ್ದಳು. ಫೋನ್ ಮರಳಿ ಕೊಟ್ಟಳು. ಹಸಿ ಹಾಸಿಗೆ ಹಿರಿಯರ ಸಭೆಯವರೆಗೆ ಕಾಯುವಂಥದ್ದಲ್ಲ. ಮೊರ ಇಟ್ಟು ಎದ್ದಳು.

“ನಡೀರಿ. ನೀರು ನೀವು ಕಾಸ್ರಿ, ಅರಿವಿ ನೀವು ಒಗೀರಿ. ಕೀರ್ತನಿ ನಾ ಓದತೇನಿ.”

“ಮಂದಿ ನೋಡಿದ್ರ ಏನಂದಾರು?”

“ಸೇವಾ ಮಾಡಾಕತ್ತಾನ ಅಂದಾರು.”

ಕರುಣವ್ವನ ಮೈ ಒರೆಸಿ, ಒಣ ಬಟ್ಟೆ ಹಾಸಿ ಮಲಗಿಸಿದ ಮೇಲೆ ಸುಂದರವ್ವ ಹಸಿ ಬಟ್ಟೆಯ ಗಂಟನ್ನು ಪರದೆಯಾಚೆ ಚಾಚಿದಳು. ದುರಗಪ್ಪ ಮುಖ ಆಚೆ ಮಾಡಿ ಇಸಿದುಕೊಂಡ. ಅವಳು ಕುರ್ಚಿಯನ್ನು ಮಂಚದ ಹತ್ತಿರ ಎಳೆದು ಕುಳಿತಳು. ಈ ಮನೆಯಲ್ಲಿ ಅವಳು ಕುಳಿತದ್ದು ಅದೇ ಮೊದಲು.

“ಸಾಬಾಣ ಎಲ್ಲೈತಿ?” ಹಿತ್ತಲಿನಿಂದ ದುರಗಪ್ಪ ಕೂಗಿದ.

“ಹೇಳಬ್ಯಾಡ, ಹುಡುಕಲಿ,” ಎಂದಳು ಕರುಣವ್ವ, ವಾರೆಯಾದ ಬಾಯಲ್ಲಿ.

ಸುಂದರವ್ವ ಹೇಳಲಿಲ್ಲ. ಬೈಬಲ್ ತೆರೆದು ಓದತೊಡಗಿದಳು. ಗೆದ್ದೆನೆಂದು ಅನಿಸಲಿಲ್ಲ, ಸೋತೆನೆಂದೂ ಅನಿಸಲಿಲ್ಲ. ಕೆಲಸವಿಲ್ಲದ ಎಡಗೈಯನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು. ಹಿತ್ತಲಲ್ಲಿ ಬಟ್ಟೆ ಕುಕ್ಕುವ ಸದ್ದು ಶುರುವಾಯಿತು, ತಾಳವಿಲ್ಲದೆ. ಅವಳು ಮುಂದಿನ ಸಾಲು ಓದಿದಳು.