ಸೆವ್ರಿನ್ ಬಾಯಿಯ ಮನೆಯ ಸರದಿ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೆಯ ತರಗತಿಯ ನಂತರ ನಾನು ಶಾಲೆಗೆ ಹೋಗಿಲ್ಲ. ಮನೆಯಲ್ಲಿ ಆಡುವುದು ಕೊಂಕಣಿ. ಕನ್ನಡದ ಶಬ್ದಗಳು ಅಲ್ಲಲ್ಲಿ ತಪ್ಪಿರಬಹುದು. ನಮ್ಮ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕಡೆಯ ಮನೆಗಳ ಗುಂಪಿನ, ಸೆವ್ರಿನ್ ಬಾಯಿಯವರ ಬಗ್ಗೆ ಚೆನ್ನಾಗಿ ಬರೆಯಬಲ್ಲವರು ಯಾರೂ ಬರೆಯುವ ಹಾಗೆ ಕಾಣಲಿಲ್ಲ. ಅದಕ್ಕೆ ನಾನೇ ಬರೆಯಲು ಕುಳಿತೆ.

ಸೆವ್ರಿನ್ ಬಾಯಿಯವರ ಮನೆ ಕಾಪುವಿನಿಂದ ಸ್ವಲ್ಪ ಒಳಗೆ. ಅಂಗಳದ ತುಂಬ ಮಲ್ಲಿಗೆ ಗಿಡಗಳು. ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಹೂವಿನ ಕಟ್ಟೆಗೆ ಕೊಟ್ಟು ಬರುವುದು ಅವರ ಕೆಲಸ. ಗಂಡ ತೀರಿಹೋದ ವಾರವೂ ಅವರು ಹೂ ಕೊಯ್ದರು. ಜನ ಆಡಿಕೊಂಡಾಗ, "ನಮ್ಮ ಮನೆಯಲ್ಲಿ ಸಾವಾಗಿದೆ ಅಂತ ಗಿಡಕ್ಕೆ ಗೊತ್ತುಂಟಾ?" ಎಂದು ಕೇಳಿದ್ದರು. ಮಾತು ಒರಟು, ಆದರೆ ಅವರು ಕಟ್ಟಿದ ಹೂವಿನಲ್ಲಿ ಒಂದು ಮೊಗ್ಗೂ ನಲುಗಿರುತ್ತಿರಲಿಲ್ಲ.

ಒಬ್ಬನೇ ಮಗ ಹೆರಾಲ್ಡ್. ಕುವೈಟಿನಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದ. ಯಾರೋ ಗೋಡೆಯ ಆಚೆಯಿಂದ ತನ್ನನ್ನು ಬೈಯುವುದು ಕೇಳಿಸುತ್ತದೆ ಎನ್ನತೊಡಗಿದಾಗ ಕಂಪೆನಿಯವರು ಅವನನ್ನು ಊರಿಗೆ ಕಳುಹಿಸಿಬಿಟ್ಟರು. ಬಂದ ಹೊಸತರಲ್ಲಿ ಒಂದು ಭಾನುವಾರ, ಇಗರ್ಜಿಯಲ್ಲಿ ಪಾದ್ರಿಯ ಪ್ರಸಂಗ ನಡೆಯುತ್ತಿದ್ದಾಗ ಎದ್ದು ನಿಂತು, "ಮೈಕ್ ಆಫ್ ಮಾಡಿ! ಅದರಲ್ಲಿ ನನ್ನ ಹೆಸರು ಹೇಳ್ತಿದ್ದಾರೆ!" ಎಂದು ಕೂಗಿದ. ಮಕ್ಕಳು ಅಳತೊಡಗಿದರು. ಅಂದಿನಿಂದ ಅವನು ಹೊಸ್ತಿಲು ದಾಟಿದ್ದು ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಮಾತ್ರ. ಗುರುತು ಸಿಗಬಾರದೆಂದು ರಿಕ್ಷಾದ ಒಳಗೂ ಹೆಲ್ಮೆಟ್ ಹಾಕಿ ಕೂರುತ್ತಿದ್ದ.

ಸೆವ್ರಿನ್ ಬಾಯಿಯವರ ತಮ್ಮ ಲಾಯ್ಡ್ ಕಾರ್ಕಳದಿಂದ ಬಂದು ಉಪಾಯ ಹೇಳಿದ.

"ಅಕ್ಕಾ, ಬಜಗೋಳಿ ಕಡೆ ಒಬ್ಬರು ಪ್ರಾರ್ಥನೆ ಮಾಡುವವರು ಇದ್ದಾರೆ. ಮೊದಲು ಮಾತ್ರೆ ನಿಲ್ಲಿಸಿ ಬರಬೇಕಂತೆ. ದೇವರ ಮೇಲೆ ನಂಬಿಕೆ ಇದ್ದರೆ ಮಾತ್ರೆ ಎಂತಕ್ಕೆ?"

"ನಿನ್ನ ಮೊಣಕಾಲಿಗೆ ಆ ಬೆಲ್ಟ್ ಎಂತಕ್ಕೆ? ನಿನಗೆ ನಂಬಿಕೆ ಇಲ್ವಾ?"

ಲಾಯ್ಡ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಸೆವ್ರಿನ್ ಬಾಯಿ ಅಂದು ಸಂಜೆಯೂ ಎಂದಿನಂತೆ ಮಗನ ಹಣೆಗೆ ಶಿಲುಬೆಯ ಗುರುತು ಹಾಕಿ, ಅದೇ ಕೈಯಿಂದ ಮಾತ್ರೆ ಕೊಟ್ಟರು. ಎರಡೂ ಒಬ್ಬನೇ ದೇವರ ಕೈಯಿಂದ ಬಂದದ್ದು ಎಂಬುದರಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ. ತಿಂಗಳುಗಳು ಕಳೆದಂತೆ ಗೋಡೆಯ ಆಚೆಯ ದನಿಗಳು ತಗ್ಗಿದವು. ಆದರೆ ಹೆರಾಲ್ಡನಿಗೆ ಈಗ ಹೆದರಿಕೆ ಆ ದನಿಗಳದ್ದಲ್ಲ, ಊರಿನ ಜನರದ್ದು.

ಅಕ್ಟೋಬರ್ ಬಂತು. ಈ ತಿಂಗಳು ಮರಿಯಮ್ಮನವರ ಮೂರ್ತಿ, ನಾವು ಸಾಯ್ಬಿಣ್ ಎನ್ನುವುದು, ವಾಳೆಯ ಮನೆಮನೆಗೆ ಬರುತ್ತದೆ. ಒಂದೊಂದು ಮನೆಯಲ್ಲಿ ಒಂದು ದಿನ. ಸಂಜೆ ವಾಳೆಯವರೆಲ್ಲ ಅಲ್ಲಿ ಕೂಡಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ ಮಾಡುತ್ತಾರೆ. ಮರಿಯಮ್ಮನಿಗೆ ವಂದಿಸುವ ನಮಾನ್ ಮರಿಯೆ ಜಪವನ್ನು ಹತ್ತು ಹತ್ತರಂತೆ ಐದು ಸಲ ಹೇಳುವುದು; ಒಬ್ಬರು ಮೊದಲ ಅರ್ಧ ಹೇಳಿದರೆ ಉಳಿದವರು ಇನ್ನರ್ಧ ಹೇಳಿ ಉತ್ತರ ಕೊಡುತ್ತಾರೆ. ಮರುದಿನ ಆ ಮನೆಯವರೇ ಮೂರ್ತಿಯನ್ನು ಹೊತ್ತು ಮುಂದಿನ ಮನೆಗೆ ಮುಟ್ಟಿಸಬೇಕು.

ಸೆವ್ರಿನ್ ಬಾಯಿಯವರ ಸರದಿಗೆ ಎರಡು ದಿನ ಮೊದಲು ವಾಳೆಯ ಗುರಿಕಾರ, ಅಂದರೆ ಮುಖ್ಯಸ್ಥ, ಪಾಸ್ಕಲ್ ಬಂದರು. ಜೊತೆಯಲ್ಲಿ ಮ್ಯಾಕ್ಸಿಮ್. ಮೂರ್ತಿ ಇವರ ಮನೆಯಿಂದ ಹೋಗಬೇಕಾದದ್ದು ಈ ಮ್ಯಾಕ್ಸಿಮರ ಮನೆಗೆ.

"ಸೆವ್ರಿನ್ ಬಾಯಿ, ನಿಮಗೆ ಈಗಲೇ ಕಷ್ಟ ಜಾಸ್ತಿ," ಎಂದು ಪಾಸ್ಕಲ್ ಮೆಲ್ಲನೆ ಶುರುಮಾಡಿದರು. "ಈ ವರ್ಷ ನಿಮಗೆ ತೊಂದರೆ ಬೇಡ ಅಂತ..."

"ಕಷ್ಟ ಇರುವ ಮನೆ ಬಿಟ್ಟು ಸಾಯ್ಬಿಣ್ ಮತ್ತೆ ಯಾರ ಮನೆಗೆ ಹೋಗುದು? ಎ.ಸಿ. ಇರುವವರ ಮನೆಗಾ?"

ಮ್ಯಾಕ್ಸಿಮರ ಮನೆಯಲ್ಲಿ ಮೂರು ಎ.ಸಿ. ಇವೆ. ಅವರ ಮುಖ ಕೆಂಪಾಯಿತು.

"ನೇರ ಹೇಳ್ತೇನೆ ಬಾಯಿ. ಹೆರಾಲ್ಡ್ ಮೂರ್ತಿ ಹೊತ್ತುಕೊಂಡು ಬರ್ತಾನೆ, ದಾರಿಯಲ್ಲಿ ಏನಾದ್ರೂ ಮಾಡಿಕೊಂಡ್ರೆ? ನನ್ನ ಹೆಂಡತಿಗೆ ಹೆದರಿಕೆ. ತಲೆ ಸರಿ ಇಲ್ಲದವನು, ಅಲ್ವಾ?"

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಗನಿಗೆ ಕೇಳಿಸಿತೆಂದು ಸೆವ್ರಿನ್ ಬಾಯಿಗೆ ಗೊತ್ತಾಯಿತು. ಅವರು ದನಿ ತಗ್ಗಿಸಲಿಲ್ಲ.

"ಮರಿಯಮ್ಮನ ಮಗನಿಗೂ ತಲೆ ಸರಿ ಇಲ್ಲ ಅಂತ ಜನ ಹೇಳಿದ್ದು ಬೈಬಲಿನಲ್ಲೇ ಉಂಟಲ್ವಾ ಗುರಿಕಾರರೇ? ಅವಳು ಅವನನ್ನು ಕೋಣೆಯಲ್ಲಿ ಕೂಡಿಹಾಕಿದ್ಲಾ? ಶಿಲುಬೆಯ ಬುಡದವರೆಗೂ ಹೋದ್ಲು. ನನ್ನ ಸರದಿ ನನಗೆ ಬೇಕು. ನೀವು ತರದಿದ್ರೆ ನಾನೇ ಹೋಗಿ ತಗೊಂಡು ಬರ್ತೇನೆ."

ಪಾಸ್ಕಲ್ ಮ್ಯಾಕ್ಸಿಮರ ಮುಖ ನೋಡಿದರು. ಆಮೇಲೆ, "ಆಯ್ತು, ಸೋಮವಾರ ಸಂಜೆ ತರ್ತೇವೆ," ಎಂದು ಎದ್ದರು.

ಅವರು ಗೇಟು ದಾಟಿದ ಕೂಡಲೇ ಹೆರಾಲ್ಡ್ ಹೊರಗೆ ಬಂದ.

"ನಾನು ಇರುವ ಕಾರಣಕ್ಕೆ ಬೇಡ ಅಂದ್ರಾ, ಮಮ್ಮಿ?"

"ಹೌದು."

"ಸೋಮವಾರ ನಾನು ಒಳಗೇ ಇರ್ತೇನೆ. ಹೊರಗಿನಿಂದ ಚಿಲಕ ಹಾಕಿ."

"ಚಿಲಕ ಹಾಕಿದ್ರೆ ಅವರು ಹೇಳಿದ್ದೇ ಸರಿ ಅಂತ ಆಗ್ತದೆ. ಕೊನೆಯ ಹತ್ತು ನಮಾನ್ ಮರಿಯೆ ನೀನು ಹೇಳಬೇಕು, ಪುತಾ."

"ನನಗೆ ಆಗುದಿಲ್ಲ."

"ಆಗದಿದ್ರೆ ನಿಲ್ಲಿಸು. ಶುರು ಮಾಡದೆ ನಿಲ್ಲಿಸುವ ಹಾಗಿಲ್ಲ."

ಸೋಮವಾರ ಸಂಜೆ ಮೂರ್ತಿ ಬಂತು. ಜಗಲಿಯಲ್ಲಿ ಹಾಸಿದ ಚಾಪೆಗಳು ತುಂಬಲಿಲ್ಲ. ಮ್ಯಾಕ್ಸಿಮರ ಮನೆಯಿಂದ ಯಾರೂ ಇರಲಿಲ್ಲ. ನಮ್ಮ ಇಗರ್ಜಿಗೆ ಸೇರದ ನೆರೆಮನೆಯ ಕುಶಲಾ ಒಂದು ಚೆಂಡು ಮಲ್ಲಿಗೆ ಹಿಡಿದು ಹಿಂದೆ ಬಂದು ನಿಂತರು.

"ನಿಮ್ಮ ಪ್ರಾರ್ಥನೆ ನನಗೆ ಗೊತ್ತಿಲ್ಲ, ಬಾಯಿ. ನಾನು ಕೂತ್ಕೊಳ್ಬಹುದಾ?"

"ಮುಂದೆಯೇ ಕೂತ್ಕೊಳ್ಳಿ. ಗೊತ್ತಿರುವವರು ಟಿ.ವಿ. ನೋಡ್ತಿದ್ದಾರೆ."

ನಾಲ್ಕು ಹತ್ತುಗಳು ಮುಗಿದವು. ಐದನೆಯದಕ್ಕೆ ಸೆವ್ರಿನ್ ಬಾಯಿ ಒಳಗೆ ಹೋಗಿ ಮಗನ ಮುಂದೆ ನಿಂತರು. ಅಲ್ಲಿಂದ ಕದಲಲಿಲ್ಲ. ಹೆರಾಲ್ಡ್ ಎದ್ದು ಬಂದು ಮೂರ್ತಿಯ ಬದಿಯಲ್ಲಿ ಮೊಣಕಾಲೂರಿದ. ಜಪಸರ ಕೈಗೆ ತೆಗೆದುಕೊಂಡ.

"ನಮಾನ್ ಮರಿಯೆ..." ಎಂದ. ಉಳಿದವರು ತಮ್ಮ ಅರ್ಧವನ್ನು ಹೇಳಿದರು. ಮತ್ತೆ ಅವನು, ಮತ್ತೆ ಅವರು. ಹತ್ತು ಸಲ ಆದ ಮೇಲೆ ಪಿತನಿಗೆ ಮಹಿಮೆ ಹೇಳಿ ಮುಗಿಸುವುದು ಕ್ರಮ. ಆದರೆ ಬೆರಳುಗಳಿಂದ ಮಣಿ ಜಾರಿ ಹೆರಾಲ್ಡನಿಗೆ ಲೆಕ್ಕ ತಪ್ಪಿತು. ಹತ್ತಾಯಿತು, ಅವನು ನಿಲ್ಲಿಸಲಿಲ್ಲ. ಪಾಸ್ಕಲ್ ಗಂಟಲು ಸರಿಪಡಿಸಿಕೊಂಡರು. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ ಉತ್ತರ ಹೇಳುವುದನ್ನು ಬಿಟ್ಟರು. ಉತ್ತರ ಹೇಳುವ ದನಿಗಳು ಕಡಿಮೆಯಾದವು. ಪಾಸ್ಕಲ್ ತಾವೇ ಮುಗಿಸಲು ಬಾಯಿ ತೆರೆದರು.

ಸೆವ್ರಿನ್ ಬಾಯಿ ಅವರತ್ತ ಒಮ್ಮೆ ನೋಡಿ, ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ಉತ್ತರ ಹೇಳಿದರು. ಮುಂದಿನದಕ್ಕೂ ಹೇಳಿದರು, ಒಬ್ಬರೇ. ಅದರ ಮುಂದಿನದಕ್ಕೆ ಪಾಸ್ಕಲರ ದನಿ ಸೇರಿತು. ಆಮೇಲೆ ಎಲ್ಲರದ್ದೂ. ಅಷ್ಟು ಹೊತ್ತು ಕೇಳಿ ಕೇಳಿ ಕುಶಲಾರಿಗೂ ಕೊನೆಯ ಶಬ್ದಗಳು ಬಾಯಿಗೆ ಬಂದಿದ್ದವು.

ಹೆರಾಲ್ಡ್ ಥಟ್ಟನೆ ನಿಲ್ಲಿಸಿ ತಿರುಗಿದ. "ಮಮ್ಮಿ, ಎಷ್ಟಾಯ್ತು?"

"ನಾನು ಎಣಿಸಲಿಲ್ಲ. ನಿನಗೆ ಸಾಕು ಅನಿಸಿದಾಗ ಮುಗಿಸು."

"ತುಂಬಾ ಆಯ್ತು ಅಂಕಲ್, ನನ್ನ ಕಾಲು ಜೋಮು ಹಿಡಿಯಿತು!" ಎಂದು ಒಂದು ಪುಟ್ಟ ಹುಡುಗಿ ಕೂಗಿದಳು. ಜಗಲಿಯಿಡೀ ನಕ್ಕಿತು. ಹೆರಾಲ್ಡನೂ ನಕ್ಕ, ಕುವೈಟಿನಿಂದ ಬಂದ ಮೇಲೆ ಮೊದಲ ಸಲ. ಆಮೇಲೆ ಪಿತನಿಗೆ ಮಹಿಮೆ ಹೇಳಿ, ಶಿಲುಬೆಯ ಗುರುತು ಹಾಕಿ ಮುಗಿಸಿದ.

ಚಹಾ ಕುಡಿಯುವಾಗ ಪಾಸ್ಕಲ್ ಸೆವ್ರಿನ್ ಬಾಯಿಯವರ ಹತ್ತಿರ ಬಂದು, "ನಾಳೆ ಮ್ಯಾಕ್ಸಿಮನ ಮನೆಗೆ ಮೂರ್ತಿಯನ್ನು ನಾನೇ ತಗೊಂಡು ಹೋಗ್ತೇನೆ, ಆಗದಾ? ಅವನು ಗೇಟು ತೆಗಿಯುದು ಸಂಶಯ," ಎಂದರು.

ಸೆವ್ರಿನ್ ಬಾಯಿ ಉತ್ತರ ಹೇಳುವ ಮೊದಲೇ ಹಿಂದಿನಿಂದ ಹೆರಾಲ್ಡನ ದನಿ ಬಂತು.

"ಬೇಡ ಅಂಕಲ್. ನಾನು ಹೊತ್ತುಕೊಳ್ತೇನೆ."

ಪಾಸ್ಕಲ್ ತಾಯಿಯ ಮುಖ ನೋಡಿದರು.

"ಕೇಳಿತಲ್ಲ?" ಎಂದರು ಸೆವ್ರಿನ್ ಬಾಯಿ. "ಇನ್ನೊಂದು ಲೋಟ ಚಹಾ ಕುಡಿಯಿರಿ."

ಇದನ್ನು ನಾನು ಅದೇ ರಾತ್ರಿ ಬರೆಯುತ್ತಿದ್ದೇನೆ. ನಾಳೆ ಸಂಜೆ ಹೆರಾಲ್ಡ್ ಹೆಲ್ಮೆಟ್ ಇಲ್ಲದೆ ಮೂರ್ತಿ ಹೊತ್ತು ರಸ್ತೆಗೆ ಇಳಿಯುತ್ತಾನೆ. ಸೆವ್ರಿನ್ ಬಾಯಿ ಮೇಣದ ಬತ್ತಿ ಹಿಡಿದು ಅವನ ಮುಂದೆ ನಡೆಯುತ್ತಾರೆ. ಮ್ಯಾಕ್ಸಿಮರ ಗೇಟು ಮುಚ್ಚಿದ್ದರೆ ಸೆವ್ರಿನ್ ಬಾಯಿ ಅದರ ಎದುರಿಗೇ, ರಸ್ತೆಯ ಮೇಲೆಯೇ ಮೊಣಕಾಲೂರಿ ತೇರ್ಸ್ ಶುರು ಮಾಡುತ್ತಾರೆ.